ಬಿಳಿ ಹುಲಿಯ ಅಮ್ಮ ಯಾವ ಬಣ್ಣ?

ಹೋದ ಜುಲೈನಲ್ಲಿ ಅಡಿಲೇಡಿಗೆ ಹೋಗಿದ್ದೆ. ಜುಲೈ ಅಂದ್ರೆ ಇಲ್ಲಿ ಗಡಗಡ ಚಳಿ, ನಮ್ಮೂರಲ್ಲಿ ಜಡಿಮಳೆ. ಅಡಿಲೇಡಿನಲ್ಲಿ ನಮ್ಮ ದೊಡ್ಡಪ್ಪನ ಮಗ, ಅತ್ತಿಗೆ, ಅವರ ಒಂಬತ್ತು ವರ್ಷದ ಮಗಳು ಪುಟ್ಟಿ ಇದ್ದಾರೆ. ನಾನಿರೋ ಪರ್ತ್‌ನಿಂದ ಅಡಿಲೇಡ್ ಅಂದ್ರೆ ಬೆಂಗಳೂರಿಂದ ದಿಲ್ಲಿಗಿಂತ ದೂರ! ಆದ್ರೂ ಅತ್ತಿಗೆ ಕೈಯ ಬಿಸಿಬೇಳೆ ಬಾತ್ ನೆನೆಸಿಕೊಂಡು ವರ್ಷಕ್ಕೊಂದು ಸಲ ಹೋಗೇ ಹೋಗ್ತೀನಿ.

ಬಾಗಿಲು ತೆಗೆದಿದ್ದು ಪುಟ್ಟಿ ಅಲ್ಲ, ಹುಲಿ. ತಲೆಗೆ ಬಿಳಿ ಟೋಪನ್ನು, ಅದರಲ್ಲಿ ಅಲ್ಲಲ್ಲಿ ಕಪ್ಪು ಗೆರೆ, ಮೇಲೆ ಎರಡು ದುಂಡು ಕಿವಿ, ಹಿಂದೆ ಅಣ್ಣನ ಹಳೇ ಕಾಲುಚೀಲಗಳನ್ನ ಹೊಲಿದು ಮಾಡಿದ ಪಟ್ಟೆ ಬಾಲ. "ನೋಡೋ, ಒಂದು ವಾರದಿಂದ ಇದೇ ವೇಷ. ಸ್ಕೂಲಿಗೂ ಬಾಲ ಹಾಕ್ಕೊಂಡು ಹೋಗ್ತೀನಿ ಅಂತಾಳೆ" ಅಂತ ಅತ್ತಿಗೆ ಒಳಗಿಂದಲೇ ಕೂಗಿದ್ರು.

ಅಡಿಲೇಡಿನಲ್ಲಿ ಜಪಾನೀ ಕಾರ್ಟೂನಿನ, ಅಂದ್ರೆ ಆ್ಯನಿಮೆಯ ಹುಚ್ಚು ಹೊಸದಲ್ಲ. ಏವಿಕಾನ್ ಅನ್ನೋ ಆ್ಯನಿಮೆ ಮತ್ತು ವಿಡಿಯೋ ಗೇಮ್ ಮೇಳ ಅಲ್ಲಿ ಶುರುವಾಗಿದ್ದೇ 2002ರಲ್ಲಿ. ಬ್ರಿಸ್ಬೇನ್‌ನಲ್ಲೂ ಸೂಪಾನೋವಾ ಅನ್ನೋ ದೊಡ್ಡ ಮೇಳ ಇದೆ. ಅಂಥ ಒಂದು ಅಂಗಡಿಯಲ್ಲಿ ಕೊಂಡ ಸ್ಟಿಕ್ಕರಿನಿಂದ ನಮ್ಮ ಪುಟ್ಟಿಯ ಹುಲಿ ಪ್ರೇಮ ಹುಟ್ಟಿದ್ದು. ಸ್ಟಿಕ್ಕರ್ ತೋರಿಸಿ ಕೇಳಿದ್ಲು, "ಚಿಕ್ಕಪ್ಪ, ಇವಳು ವೈಟ್ ಟೈಗರ್. ಇವಳ ಅಮ್ಮನೂ ವೈಟಾ?"

ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದ್ರೆ ನನಗೂ ಉತ್ತರ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದವನಿಗೆ ಗೊತ್ತಿಲ್ಲದ ಪ್ರಶ್ನೆ ಕೈಗೆ ಸಿಕ್ಕರೆ ನಿದ್ದೆ ಬರಲ್ಲ ನೋಡಿ :-) ಪರ್ತ್‌ಗೆ ವಾಪಸ್ ಬಂದ ಮೇಲೆ ಓದಲು ಕೂತೆ. ಓದ್ತಾ ಓದ್ತಾ ಅದು ಜಪಾನಿನಿಂದ ರೀವಾಗೆ, ರೀವಾದಿಂದ ಬೆಂಗಳೂರಿಗೆ, ಕೊನೆಗೆ ನಮ್ಮ ಮನೆಯ ಜಗುಲಿಗೇ ಬಂದು ನಿಲ್ಲುತ್ತೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಮೊದಲು ಪುಟ್ಟಿಯ ಹುಲಿ ಹುಡುಗಿ. ಅವಳು 'ಕೆಮೊನೊ ಫ್ರೆಂಡ್ಸ್' ಅನ್ನೋ ಜಪಾನೀ ಲೋಕದವಳು. ಮೀನೆ ಯೋಶಿಝಾಕಿ ಅನ್ನೋ ಚಿತ್ರಕಾರ ಪಾತ್ರಗಳ ಕಲ್ಪನೆ ಮಾಡಿದ್ದು. 2015ರಲ್ಲಿ ಮೊಬೈಲ್ ಆಟವಾಗಿ ಬಂತು, ಹೆಚ್ಚು ಓಡದೆ 2016ರ ಕೊನೆಗೆ ನಿಂತೂಹೋಯ್ತು. ಮುಂದಿನ ತಿಂಗಳೇ, 2017ರ ಜನವರಿಯಲ್ಲಿ, ಅದರ ಹನ್ನೆರಡು ಕಂತಿನ ಆ್ಯನಿಮೆ ಟಿವಿಗೆ ಬಂದು, ಯಾರೂ ನಿರೀಕ್ಷಿಸದಷ್ಟು ಹಿಟ್ ಆಯ್ತು. ಕಥೆ ಸರಳ. ಒಂದು ದೊಡ್ಡ ಪ್ರಾಣಿವನ, ಅಲ್ಲಿ 'ಸ್ಯಾಂಡ್‌ಸ್ಟಾರ್' ಅನ್ನೋ ಮಾಯದ ವಸ್ತು ತಗುಲಿದ ಪ್ರಾಣಿಗಳೆಲ್ಲ ಹುಡುಗಿಯರಾಗ್ತವೆ. ಒಂದು ಜಾತಿಗೆ ಒಬ್ಬಳು ಹುಡುಗಿ. ಕಂತಿನ ನಡುವೆ ನಿಜವಾದ ಮೃಗಾಲಯದ ಸಿಬ್ಬಂದಿಯೇ ಆಯಾ ಪ್ರಾಣಿಯ ಬಗ್ಗೆ ಮಾತಾಡೋ ತುಣುಕುಗಳೂ ಇದ್ವು. ಆಟ ಆಡ್ತಾ ಮಕ್ಕಳು ಪ್ರಾಣಿಗಳ ಬಗ್ಗೆ ತಿಳೀಲಿ ಅನ್ನೋ ಆಸೆ ಅದರಲ್ಲಿ ಕಾಣುತ್ತೆ.

ಈ ಬಳಗದಲ್ಲಿ ಮಾಮೂಲಿ ಹುಲಿ ಹುಡುಗಿ ಅಲ್ಲದೆ ಬಿಳಿ ಹುಲಿ ಬೇರೆ, ಹೊನ್ನ ಹುಲಿ ಬೇರೆ, ನೀಲಿ ಛಾಯೆಯ ಮಾಲ್ಟೀಸ್ ಹುಲಿ ಬೇರೆ. ಪ್ರತಿಯೊಬ್ಬಳಿಗೂ ಬೇರೆ ಬೇರೆ ಕೂದಲು, ಬೇರೆ ಸ್ವಭಾವ. ಪುಟ್ಟಿ ಇವರನ್ನೆಲ್ಲ ಬೇರೆ ಬೇರೆ ಜಾತಿ ಅಂತಲೇ ನಂಬಿದ್ದಾಳೆ. ಅವಳೇನು, ಮೊನ್ನೆ ಮೊನ್ನೆವರೆಗೆ ನಾನೂ ನಂಬಿದ್ದೆ! ಹಿಮದಲ್ಲಿ ಇರೋದು ಬಿಳಿ ಹುಲಿ, ನಮ್ಮ ಕಾಡಲ್ಲಿ ಇರೋದು ಕೇಸರಿ ಹುಲಿ ಅಂತ. ಅದು ಶುದ್ಧ ಸುಳ್ಳು. ಬಿಳಿ ಹುಲಿ ಹಿಮದ್ದಲ್ಲ, ನಮ್ಮ ಮಧ್ಯ ಭಾರತದ ಸುಡು ಬಿಸಿಲಿನ ಸಾಲ್ ಕಾಡಿನದ್ದು. ಅದು ಜಾತಿಯೂ ಅಲ್ಲ, ಉಪಜಾತಿಯೂ ಅಲ್ಲ. ಬಂಡೀಪುರದಲ್ಲಿ ಓಡಾಡೋ ಅದೇ ಹುಲಿ, ಬಣ್ಣ ಒಂದು ಮಾತ್ರ ಬೇರೆ.

ಜಪಾನಿಗೂ ಬಿಳಿ ಹುಲಿಗೂ ನಂಟು ಹಳೇದು. ಚೀನಾದ ಹಳೇ ಲೆಕ್ಕದಲ್ಲಿ ನಮ್ಮ ಅಷ್ಟದಿಕ್ಪಾಲಕರ ಹಾಗೆ ನಾಲ್ಕು ದಿಕ್ಕಿಗೆ ನಾಲ್ಕು ಪ್ರಾಣಿಗಳ ಕಾವಲು. ಪಡುವಣ ದಿಕ್ಕು ಲೋಹದ್ದು, ಅದರ ಬಣ್ಣ ಬಿಳಿ, ಹಾಗಾಗಿ ಅಲ್ಲಿನ ಕಾವಲುಗಾರ ಬಿಳಿ ಹುಲಿ. ಜಪಾನೀಯರು ಅದನ್ನ 'ಬ್ಯಾಕ್ಕೊ' ಅಂತಾರೆ. 1972ರಲ್ಲಿ ಅಸುಕಾ ಅನ್ನೋ ಊರಲ್ಲಿ ತಕಮತ್ಸುಝುಕಾ ಅನ್ನೋ ಪುರಾತನ ಗೋರಿ ಅಗೆದಾಗ, ಸುಮಾರು ಸಾವಿರದ ಮುನ್ನೂರು ವರ್ಷ ಹಳೆಯ ಗೋಡೆಚಿತ್ರಗಳು ಸಿಕ್ಕವು. ಅದರ ಪಶ್ಚಿಮದ ಗೋಡೆ ಮೇಲೆ ಈ ಬಿಳಿ ಹುಲಿ ನಿಂತಿತ್ತು. ಅಷ್ಟು ಶತಮಾನ ಕತ್ತಲಲ್ಲಿ ಕ್ಷೇಮವಾಗಿದ್ದ ಚಿತ್ರ, ಬೆಳಕಿಗೆ ಬಂದ ಮೂವತ್ತೇ ವರ್ಷದಲ್ಲಿ ಮಾಸಿಹೋಯ್ತು. ಪ್ರೀತಿಯಿಂದ ಕಾಪಾಡ್ತೀವಿ ಅಂತ ಮುಟ್ಟಿದ್ದೇ ಮುಳುವಾಗೋ ಕಥೆ ಇದೊಂದೇ ಅಲ್ಲ, ಮುಂದೆ ಇನ್ನೊಂದು ಬರುತ್ತೆ.

ಅಂದ್ರೆ ಆ್ಯನಿಮೆಯ ಬಿಳಿ ಹುಲಿಗೆ ಇಬ್ಬರು ಪೂರ್ವಜರು. ಒಬ್ಬ ಗೋರಿಯ ಗೋಡೆಯ ಮೇಲಿನ ದೇವತೆ. ಇನ್ನೊಬ್ಬ ನಮ್ಮವನೇ. ಹೆಸರು ಮೋಹನ್.

ಈಗ ರೀವಾಗೆ ಹೋಗೋಣ. ಈಗಿನ ಮಧ್ಯಪ್ರದೇಶದಲ್ಲಿದೆ, ಹಿಂದೆ ಅದೊಂದು ಸಂಸ್ಥಾನ. ಆ ಭಾಗದ ಕಾಡುಗಳಲ್ಲಿ ಆಗೊಮ್ಮೆ ಈಗೊಮ್ಮೆ ಬಿಳಿ ಹುಲಿ ಕಾಣಿಸ್ತಿತ್ತು. 1915ರಲ್ಲೂ ಅಲ್ಲಿ ಒಂದನ್ನ ಹಿಡಿದು ಅರಮನೆಯಲ್ಲಿ ಇಟ್ಟಿದ್ರು, ಅದು ಮರಿ ಬಿಡದೆ ಸತ್ತುಹೋಯ್ತು. 1951ರ ಮೇ 27ರಂದು ಮಹಾರಾಜ ಮಾರ್ತಂಡ ಸಿಂಗ್ ಬಗ್ರಿ ಕಾಡಿನಲ್ಲಿ ಬೇಟೆಗೆ ಹೋದಾಗ ಒಂದು ಹೆಣ್ಣು ಹುಲಿ, ಜೊತೆಗೆ ಒಂಬತ್ತು ತಿಂಗಳ ನಾಲ್ಕು ಮರಿಗಳು ಕಂಡವು. ಮೂರು ಮರಿ ಕೇಸರಿ, ಒಂದು ಬಿಳಿ. ತಾಯಿಯನ್ನೂ ಕೇಸರಿ ಮರಿಗಳನ್ನೂ ಹೊಡೆದು ಹಾಕಿದ್ರು. ಬಿಳಿ ಮರಿಯನ್ನ ಜೀವಂತ ಹಿಡಿದು ಗೋವಿಂದಗಢದ ಅರಮನೆಗೆ ತಂದು ಮೋಹನ್ ಅಂತ ಹೆಸರಿಟ್ರು.

ಇಲ್ಲಿಗೆ ಪುಟ್ಟಿಯ ಪ್ರಶ್ನೆಗೆ ಉತ್ತರ ಸಿಕ್ಕೇಬಿಟ್ಟಿತ್ತು. ಬಿಳಿ ಹುಲಿಯ ಅಮ್ಮ ಕೇಸರಿ. ಆದ್ರೆ ಆ ಅಮ್ಮನಿಗೆ ಏನಾಯ್ತು ಅಂತ ಒಂಬತ್ತು ವರ್ಷದ ಮಗುವಿಗೆ ಹೇಗೆ ಹೇಳೋದು ಅಂತ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತೆ.

ಮುಂದಿನ ಕಥೆ ಇನ್ನೂ ವಿಚಿತ್ರ. ಮೋಹನನಿಗೆ ಬೇಗಂ ಅನ್ನೋ ಕೇಸರಿ ಹೆಣ್ಣು ಹುಲಿಯನ್ನ ಜೋಡಿ ಮಾಡಿದ್ರು. ಮೂರು ಸೂಲು ಆಯ್ತು, ಮರಿಗಳೆಲ್ಲ ಕೇಸರಿ. ಒಂದೂ ಬಿಳಿ ಇಲ್ಲ. ಆಗ ಒಂದು ಉಪಾಯ ಮಾಡಿದ್ರು. ಆ ಮರಿಗಳಲ್ಲಿ ಒಂದಾದ ರಾಧಾಳನ್ನ, ಅಂದ್ರೆ ಮೋಹನನ ಸ್ವಂತ ಮಗಳನ್ನ, ಮೋಹನನಿಗೇ ಜೋಡಿ ಮಾಡಿದ್ರು. 1958ರ ಅಕ್ಟೋಬರ್ 30ರಂದು ನಾಲ್ಕು ಮರಿ ಹುಟ್ಟಿದವು. ನಾಲ್ಕೂ ಬಿಳಿ! ರಾಜಾ, ರಾಣಿ, ಮೋಹಿನಿ, ಸುಕೇಶಿ.

ಇದು ಯಾಕೆ ಹೀಗೆ ಅಂತ ನಮ್ಮ ಪಿಯುಸಿ ಬಯಾಲಜಿ ಮರೆತವರಿಗಾಗಿ ಚಿಕ್ಕದಾಗಿ ಹೇಳಿಬಿಡ್ತೀನಿ. ಪ್ರತಿ ಜೀನಿಗೂ ಎರಡು ಪ್ರತಿ ಇರ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಒಂದು ಮೇನ್ ಸರ್ವರ್, ಒಂದು ಬ್ಯಾಕಪ್. ಒಂದು ಪ್ರತಿ ಕೆಟ್ಟಿದ್ರೂ ಇನ್ನೊಂದು ಕೆಲಸ ನಡೆಸುತ್ತೆ, ಹೊರಗಿನವರಿಗೆ ಗೊತ್ತೇ ಆಗಲ್ಲ. ಹುಲಿ ಕೇಸರಿಯಾಗೇ ಇರುತ್ತೆ. ಎರಡೂ ಪ್ರತಿ ಅದೇ ಥರ ಬದಲಾಗಿದ್ರೆ ಮಾತ್ರ ಹುಲಿ ಬಿಳಿ. ಮೋಹನನ ಎರಡೂ ಪ್ರತಿ ಬಿಳಿಯವು, ಬೇಗಂನ ಎರಡೂ ಕೇಸರಿಯವು. ಮಕ್ಕಳಿಗೆಲ್ಲ ಒಂದೊಂದು ಬಿಳಿ ಪ್ರತಿ ಗುಟ್ಟಾಗಿ ಸೇರಿತು. ಹೀಗೆ ಗುಟ್ಟು ಹೊತ್ತಿದ್ದ ರಾಧಾ, ಮೋಹನನ ಜೊತೆ ಸೇರಿದಾಗ ಪ್ರತಿ ಮರಿಯೂ ಬಿಳಿಯಾಗೋ ಸಾಧ್ಯತೆ ಅರ್ಧಕ್ಕರ್ಧ. ನಾಲ್ಕಕ್ಕೆ ನಾಲ್ಕೂ ಬಿಳಿ ಆಗಿದ್ದು ಮಾತ್ರ ಅದೃಷ್ಟ, ನಾಣ್ಯ ನಾಲ್ಕು ಸಲ ಚಿಮ್ಮಿ ನಾಲ್ಕು ಸಲವೂ ಹೆಡ್ಸ್ ಬಿದ್ದ ಹಾಗೆ. ಹದಿನಾರರಲ್ಲಿ ಒಂದು ಸಾಧ್ಯತೆ.

ಆಮೇಲೆ ಲೋಕಕ್ಕೆಲ್ಲ ಬಿಳಿ ಹುಲಿ ಬೇಕಾಯ್ತು. ಮೋಹಿನಿಯನ್ನ ಅಮೆರಿಕದ ಉದ್ಯಮಿ ಜಾನ್ ಕ್ಲೂಗ್ ಹತ್ತು ಸಾವಿರ ಡಾಲರ್ ಕೊಟ್ಟು ಕೊಂಡ. 1960ರ ಡಿಸೆಂಬರಿನಲ್ಲಿ ವೈಟ್ ಹೌಸಿನ ಅಂಗಳದಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಅವಳನ್ನ ಒಪ್ಪಿಸಿದ್ರು, ಅಲ್ಲಿಂದ ವಾಷಿಂಗ್ಟನ್ನಿನ ಮೃಗಾಲಯಕ್ಕೆ. 1963ರಲ್ಲಿ ಚಂಪಾ, ಚಮೇಲಿ ಅನ್ನೋ ಜೋಡಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯ್ತು. ವಾಷಿಂಗ್ಟನ್ನಿನಲ್ಲಿ ಮೋಹಿನಿಗೆ ಜೋಡಿಯಾಗಿ ಕಳಿಸಿದ್ದು ಸ್ಯಾಮ್ಸನ್ ಅನ್ನೋ ಗಂಡನ್ನ. ಸ್ಯಾಮ್ಸನ್ ಯಾರು ಗೊತ್ತಾ? ಮೋಹನ್ ಮತ್ತು ಬೇಗಂರ ಮಗ. ಅಂದ್ರೆ ರಾಧಾಳ ಸಹೋದರ, ಮೋಹಿನಿಗೆ ಸೋದರಮಾವ. ಅಪ್ಪ ಇಬ್ಬರಿಗೂ ಮೋಹನನೇ ಆದ್ದರಿಂದ ಅವಳಿಗೆ ಅಣ್ಣನೂ ಹೌದು. ಈ ವಂಶವೃಕ್ಷ ಕಾಗದದ ಮೇಲೆ ಬರೆಯೋಕೆ ಹೋದೆ, ಮರದ ಕೊಂಬೆಗಳು ಕವಲೊಡೆಯೋ ಬದಲು ಮತ್ತೆ ಮತ್ತೆ ಕಾಂಡಕ್ಕೇ ಬಂದು ಸೇರ್ತಾ ಇದ್ವು.

ಲೋಕದ ಮೃಗಾಲಯಗಳಲ್ಲಿರೋ ಬಹುಪಾಲು ಬಿಳಿ ಹುಲಿಗಳ ಮೂಲ ಹುಡುಕಿದ್ರೆ ಈ ಮೋಹನನ ಮನೆಗೇ ಹೋಗುತ್ತೆ. 1980ರಲ್ಲಿ ಒಡಿಶಾದ ನಂದನಕಾನನದಲ್ಲಿ ಕೇಸರಿ ಜೋಡಿಗೇ ಬಿಳಿ ಮರಿಗಳು ಹುಟ್ಟಿ ಬೇರೊಂದು ವಂಶ ಶುರುವಾಯ್ತು, ಅಷ್ಟೆ. ಮೋಹನ್ 1969ರಲ್ಲಿ ಸತ್ತ. ಅವನು ಸಿಕ್ಕ ಸೀಮೆಯಲ್ಲೇ, ಮುಕುಂದಪುರದಲ್ಲಿ, ಮಾರ್ತಂಡ ಸಿಂಗರ ಹೆಸರಿನಲ್ಲಿ 2016ರಲ್ಲಿ ಬಿಳಿ ಹುಲಿ ಸಫಾರಿ ತೆರೆದ್ರು. ಕಾಡಿನಲ್ಲಿ ಮಾತ್ರ ಕೊನೆಯ ಬಿಳಿ ಹುಲಿಯನ್ನ 1958ರಲ್ಲೇ ಹೊಡೆದಾಗಿತ್ತು. ನಾಲ್ಕು ಬಿಳಿ ಮರಿ ಅರಮನೆಯಲ್ಲಿ ಹುಟ್ಟಿದ ವರ್ಷವೇ!

ನಾನು ಬಿಳಿ ಹುಲಿ ಮೊದಲು ನೋಡಿದ್ದು ಬನ್ನೇರುಘಟ್ಟದಲ್ಲಿ, ಎಂಟು ವರ್ಷದವನಿದ್ದಾಗ. ಕರ್ಕೊಂಡು ಹೋಗಿದ್ದು ಚಿಕ್ಕ ಮಾವ, ಅಮ್ಮನ ಕೊನೇ ತಮ್ಮ. ಮಾವನಿಗೆ ಹುಟ್ಟಿನಿಂದ ಕಿವಿ ಕೇಳಲ್ಲ, ಮಾತೂ ಇಲ್ಲ. ವಾಚ್ ರಿಪೇರಿ ಮಾಡ್ತಾರೆ, ಕೈ ಅಂದ್ರೆ ಚಿನ್ನದ ಕೈ. ಸಫಾರಿ ಬಸ್ಸಿನ ಕಿಟಕಿಯಲ್ಲಿ ಎಲ್ಲರೂ "ಬಿಳೀದು, ಬಿಳೀದು!" ಅಂತ ಕಿರುಚ್ತಾ ಇದ್ರೆ, ಮಾವ ಮಾತ್ರ ನನ್ನ ಭುಜ ತಟ್ಟಿ, ತಮ್ಮ ಎರಡು ತೋರುಬೆರಳನ್ನ ಮೂಗಿನ ಕಡೆಗೆ ತಿರುಗಿಸಿ ತೋರಿಸಿದ್ರು. ಆಗ ಅರ್ಥ ಆಗಲಿಲ್ಲ. ಆಮೇಲೆ ನೋಡಿದೆ, ಹುಲಿಗೆ ಮೆಳ್ಳೆಗಣ್ಣು. ಅಷ್ಟು ಜನರಲ್ಲಿ ಅದನ್ನ ಗಮನಿಸಿದವರು ಅವರೊಬ್ಬರೇ ಅನ್ಸುತ್ತೆ.

ಮೋಹಿನಿಗೂ ಮೆಳ್ಳೆಗಣ್ಣಿತ್ತು. 1973ರಲ್ಲೇ ವಿಜ್ಞಾನಿಗಳು ಒಂದು ಬಿಳಿ ಹುಲಿಯ ಮೆದುಳು ಪರೀಕ್ಷೆ ಮಾಡಿ ಕಾರಣ ಬರೆದಿದ್ರು. ಸಯಾಮೀ ಬೆಕ್ಕಿಗೆ ಆಗೋ ಹಾಗೇ, ಕಣ್ಣಿನಿಂದ ಮೆದುಳಿಗೆ ಹೋಗೋ ನರಗಳ ವೈರಿಂಗ್ ಅಡ್ಡಾದಿಡ್ಡಿಯಾಗಿರುತ್ತೆ. ಬಣ್ಣದ ಕೊರತೆಗೂ ಈ ವೈರಿಂಗಿಗೂ ಸಂಬಂಧ ಇದೆ. 2013ರಲ್ಲಿ ಬೀಜಿಂಗಿನ ಪೀಕಿಂಗ್ ವಿಶ್ವವಿದ್ಯಾಲಯದ ತಂಡ ಬಿಳಿ ಬಣ್ಣಕ್ಕೆ ಕಾರಣವಾದ ಜೀನನ್ನೇ ಹಿಡಿಯಿತು. ಅದರ ಹೆಸರು ಎಸ್‌ಎಲ್‌ಸಿ45ಎ2. ಅಷ್ಟುದ್ದದ ಪ್ರೋಟೀನಿನಲ್ಲಿ ಒಂದೇ ಒಂದು ಮಣಿ ಬದಲಾಗಿದೆ, ಅದರಿಂದ ಕೇಸರಿ ಬಣ್ಣ ನಿಲ್ಲುತ್ತೆ, ಕಪ್ಪು ಪಟ್ಟೆ ಉಳಿಯುತ್ತೆ. ಇದನ್ನ ಓದಿದಾಗ ಸಾವಿರ ಸಾಲಿನ ಕೋಡಿನಲ್ಲಿ ಒಂದು ಅಕ್ಷರ ತಪ್ಪಿ ಇಡೀ ಸ್ಕ್ರೀನ್ ಬಿಳಿಯಾದ ನಮ್ಮ ಆಫೀಸಿನ ದಿನಗಳು ನೆನಪಾದವು.

ಆ ತಂಡದವರು ಹೇಳೋ ಇನ್ನೊಂದು ಮಾತು ನನಗೆ ಮುಖ್ಯ ಅನ್ನಿಸ್ತು. ಬಿಳಿ ಬಣ್ಣ ಅನ್ನೋದು ಕಾಡಿನಲ್ಲಿ ತಾನಾಗೇ ಇದ್ದ ಒಂದು ಬಗೆ, ಅದೇ ಒಂದು ರೋಗ ಅಲ್ಲ. ಕಣ್ಣಿನದ್ದು ಬಣ್ಣದ ಜೊತೆಗೇ ಬಂದಿದ್ದು, ಸರಿ. ಆದ್ರೆ ಸೆರೆಯ ಬಿಳಿ ಹುಲಿಗಳಲ್ಲಿ ಕಂಡ ಬೇರೆ ಊನಗಳು, ಮರಿಗಳ ಅಕಾಲ ಸಾವು, ಇವೆಲ್ಲ ರಕ್ತಸಂಬಂಧದಲ್ಲೇ ಮತ್ತೆ ಮತ್ತೆ ಮರಿ ಮಾಡಿಸಿದ್ದರ ಫಲ. ಬಣ್ಣದ ಜೀನ್ ಜೊತೆ ಬೇರೆ ಯಾವ್ಯಾವುದೋ ಕೆಟ್ಟ ಪ್ರತಿಗಳೂ ಎರಡೆರಡಾಗಿ ಬಂದು ಸೇರ್ತವೆ. ನಮಗೆ ಬೇಕಾಗಿದ್ದು ಬಣ್ಣ ಒಂದೇ, ಉಳಿದದ್ದು ಪುಕ್ಕಟೆ! ಅಮೆರಿಕದ ಮೃಗಾಲಯಗಳ ಸಂಘ 2011ರಲ್ಲಿ ತನ್ನ ಸದಸ್ಯರಿಗೆ ಬಿಳಿ ಹುಲಿಯಂಥ ಅಪರೂಪದ ಬಣ್ಣಕ್ಕಾಗಿ ಮರಿ ಮಾಡಿಸಬಾರದು ಅಂತ ಹೇಳಿಬಿಟ್ಟಿತು.

ಉಳಿದಿಬ್ಬರು ಹುಡುಗಿಯರ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಪ್ರಾಜೆಕ್ಟ್ ಒಂದಕ್ಕೆ ಬ್ರಿಸ್ಬೇನ್‌ನಲ್ಲಿ ಎಂಟು ತಿಂಗಳಿದ್ದೆ. ಅಲ್ಲಿಂದ ಗೋಲ್ಡ್ ಕೋಸ್ಟಿನ ಡ್ರೀಮ್‌ವರ್ಲ್ಡ್ ಒಂದು ಗಂಟೆ ಡ್ರೈವ್. ಅಲ್ಲಿ 1995ರಲ್ಲೇ ಟೈಗರ್ ಐಲ್ಯಾಂಡ್ ಅಂತ ಮಾಡಿದ್ರು. ನನ್ನ ಪಕ್ಕದ ಸೀಟಿನ ಸಹೋದ್ಯೋಗಿ ಬಾಲ್ಯದಲ್ಲಿ ಅಲ್ಲಿ ನೋಡಿದ ಬಿಳಿ ಹುಲಿಯ ಫೋಟೋವನ್ನ ಇನ್ನೂ ಇಟ್ಕೊಂಡಿದ್ದ. ನಮ್ಮವರಿಗೆ ಬನ್ನೇರುಘಟ್ಟ ಹೇಗೋ ಅವರಿಗೆ ಅದು ಹಾಗೆ. ಹೊನ್ನ ಹುಲಿ ಅಂದ್ರೆ ಕಪ್ಪು ಪಟ್ಟೆಗಳು ಮಾಸಿ ಕಂದು ಬಣ್ಣಕ್ಕೆ ತಿರುಗಿ, ಮೈಯೆಲ್ಲ ಬೆಲ್ಲದ ಪಾಕದ ಬಣ್ಣ. ಇದರ ಜೀನ್ ಬೇರೆ, ಕೋರಿನ್ ಅಂತ, 2017ರಲ್ಲಿ ಗೊತ್ತಾಯ್ತು. ಅಸ್ಸಾಮಿನ ಕಾಜಿರಂಗದ ಹೊನ್ನ ಹುಲಿಯ ಫೋಟೋ 2020ರಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತಲ್ಲ, ನೀವೂ ನೋಡಿರಬೇಕು. ಎಲ್ಲರೂ ಆಹಾ ಅಂದ್ರು. ಕಾಜಿರಂಗದ ಅಧಿಕಾರಿಗಳು ಮಾತ್ರ, ಇದು ಸಂಭ್ರಮ ಪಡೋ ವಿಷಯ ಅಲ್ಲ, ಕಾಡುಗಳು ತುಂಡಾಗಿ ಹುಲಿಗಳು ತಮ್ಮತಮ್ಮಲ್ಲೇ ಕೂಡ್ತಿರೋದರ ಗುರುತು ಇರಬಹುದು ಅಂತ ಎಚ್ಚರಿಸಿದ್ರು.

ನೀಲಿ ಹುಲಿಯ ಕಥೆ ಬೇರೆ. ಚೀನಾದ ಫೂಜಿಯನ್ ಪ್ರಾಂತ್ಯದಲ್ಲಿ 1910ರಲ್ಲಿ ಹ್ಯಾರಿ ಕಾಲ್ಡ್‌ವೆಲ್ ಅನ್ನೋ ಅಮೆರಿಕನ್ ಪಾದ್ರಿಗೆ ಪೊದೆಯಲ್ಲಿ ನೀಲಿ ಬಟ್ಟೆ ತೊಟ್ಟ ಮನುಷ್ಯ ಕೂತ ಹಾಗೆ ಕಂಡಿತಂತೆ, ನೋಡಿದ್ರೆ ಹುಲಿ! ಗುಂಡು ಹಾರಿಸೋಣ ಅಂದ್ರೆ ಅದರ ಆಚೆ ಮಕ್ಕಳಿದ್ರು, ಜಾಗ ಬದಲಿಸೋ ಹೊತ್ತಿಗೆ ಹುಲಿ ಮಾಯ. ಆಮೇಲೆ ರಾಯ್ ಚಾಪ್ಮನ್ ಆ್ಯಂಡ್ರೂಸ್ ಅನ್ನೋ ಹೆಸರಾಂತ ಅನ್ವೇಷಕನ ಜೊತೆ ಸೇರಿ ಹುಡುಕಿದ್ರೂ ಸಿಗಲಿಲ್ಲ. ಒಂದು ಚರ್ಮ ಇಲ್ಲ, ಒಂದು ಫೋಟೋ ಇಲ್ಲ. ಆ ಹುಲಿ ಈಗ ಇರೋದು ಚಿತ್ರದ ಹುಡುಗಿಯಾಗಿ ಮಾತ್ರ.

ಇನ್ನು ನಮ್ಮ ಬೆಂಗಳೂರಿನ ಪಾಲು. ಹೆಬ್ಬಾಳದ ಕಡೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಅಂತ ಜೀವವಿಜ್ಞಾನದ ಸಂಸ್ಥೆ ಇದೆ. ಅಲ್ಲಿನ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಜೊತೆಗಾರರು 2021ರಲ್ಲಿ ಒಡಿಶಾದ ಸಿಮ್ಲಿಪಾಲದ ಕಪ್ಪು ಹುಲಿಗಳ ಗುಟ್ಟು ಬಿಡಿಸಿದ್ರು. ಪೂರ್ತಿ ಕಪ್ಪಲ್ಲ, ಪಟ್ಟೆಗಳೇ ಅಗಲವಾಗಿ ಒಂದಕ್ಕೊಂದು ಸೇರಿಕೊಂಡು ಕಪ್ಪು ಕಾಣೋದು. ಟ್ಯಾಕ್‌ಪೆಪ್ ಅನ್ನೋ ಜೀನಿನಲ್ಲಿ ಒಂದು ಬದಲಾವಣೆ. ಅವರು ಪರೀಕ್ಷಿಸಿದ ದೇಶದ ಬೇರೆ ಕಾಡುಗಳ ಹುಲಿಗಳಲ್ಲಿ ಈ ಬದಲಾವಣೆ ಸಿಗಲೇ ಇಲ್ಲ. ಸಿಮ್ಲಿಪಾಲದಲ್ಲಿ ಮಾತ್ರ ಆ ಜೀನಿನ ನೂರು ಪ್ರತಿ ತೆಗೆದ್ರೆ ಐವತ್ತೆಂಟರ ಆಸುಪಾಸು ಬದಲಾದವೇ. ಯಾಕಂದ್ರೆ ಸಿಮ್ಲಿಪಾಲ ಒಂದು ದ್ವೀಪದ ಹಾಗೆ. ಸುತ್ತ ನೀರಿಲ್ಲ, ಊರು, ಗದ್ದೆ, ಗಣಿ, ರಸ್ತೆ. ಹೊರಗಿನ ಹುಲಿ ಒಳಗೆ ಬರಲ್ಲ, ಒಳಗಿನದಕ್ಕೆ ಹೊರಗೆ ಸಂಬಂಧ ಕುದುರಲ್ಲ.

ಅದಕ್ಕೇ 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಝೀನತ್ ಅನ್ನೋ ಎರಡು ಹೆಣ್ಣು ಹುಲಿಗಳನ್ನ ತಂದು ಸಿಮ್ಲಿಪಾಲಕ್ಕೆ ಬಿಟ್ರು, ಹೊಸ ರಕ್ತ ಸೇರಲಿ ಅಂತ. ಝೀನತ್ ಹೊಸ ಮನೆ ಹಿಡಿಸದ ಸೊಸೆಯ ಹಾಗೆ ಮನೆ ಬಿಟ್ಟು ಹೊರಟೇ ಹೋದಳು. ಝಾರ್ಖಂಡ್ ದಾಟಿ, ಪಶ್ಚಿಮ ಬಂಗಾಳಕ್ಕೆ ಹೋಗಿ, ಡಿಸೆಂಬರ್ ಕೊನೆಗೆ ಬಾಂಕುಡಾ ಜಿಲ್ಲೆಯಲ್ಲಿ ಅರವಳಿಕೆ ಕೊಟ್ಟು ಹಿಡಿಯೋವರೆಗೆ ಮೂರು ರಾಜ್ಯದ ಅರಣ್ಯ ಇಲಾಖೆಗೆ ನಿದ್ದೆ ಇರಲಿಲ್ಲ.

ಇಷ್ಟೆಲ್ಲ ಓದಿ ಮುಗಿಸಿದ ವಾರವೇ ಅಮ್ಮನ ಫೋನ್ ಬಂತು. ಪರ್ತ್‌ನಲ್ಲಿ ರಾತ್ರಿ ಹತ್ತು, ಅಲ್ಲಿ ಏಳೂವರೆ, ಅಮ್ಮನ ಧಾರಾವಾಹಿಗಳ ನಡುವಿನ ಬಿಡುವು.

"ನೋಡೋ, ದೊಡ್ಡ ಮಾವ ಬಂದಿದ್ದ. ಅವಳ ಎಂಎಸ್ಸಿನೂ ಮುಗೀತಂತೆ. ನಿನಗೂ ಇಪ್ಪತ್ತೆಂಟಾಯ್ತು. ಹೊರಗಿನ ಹುಡುಗಿ ಹೇಗಿರ್ತಾಳೋ ಏನೋ. ಇವಳು ನಮ್ಮ ಕಣ್ಣೆದುರಿಗೇ ಬೆಳೆದವಳು. ಗೋತ್ರ ಬೇರೆ, ಜಾತಕನೂ ಕೂಡಿ ಬರುತ್ತಂತೆ."

ದೊಡ್ಡ ಮಾವನ ಮಗಳು ಅಂದ್ರೆ ನನಗೆ ಸೋದರಮಾವನ ಮಗಳು. ನಮ್ಮ ಕಡೆ ಇದು ಹೊಸದೇನಲ್ಲ ಅಂತ ನಿಮಗೆಲ್ಲ ಗೊತ್ತು. ಹುಡುಗಿ ಒಳ್ಳೆಯವಳು, ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನ್ನ ತಲೆಯಲ್ಲಿ ಮೋಹನ್, ರಾಧಾ, ಸ್ಯಾಮ್ಸನ್ ಓಡಾಡ್ತಾ ಇದ್ರು. ಗೋತ್ರ ಇಳಿಯೋದು ಅಪ್ಪನ ಕಡೆಯಿಂದ ಮಾತ್ರ. ಹಾಗಾಗಿ ಗೋತ್ರದ ಲೆಕ್ಕದಲ್ಲಿ ಅವಳು ಹೊರಗಿನವಳು. ಆದ್ರೆ ನನ್ನ ಅಮ್ಮನ ಅಪ್ಪ ಅಮ್ಮನೇ ಅವಳ ಅಪ್ಪನ ಅಪ್ಪ ಅಮ್ಮ. ಜೀನಿಗೆ ಗೋತ್ರ ಗೊತ್ತಿಲ್ಲ, ಅದು ಎರಡೂ ಕಡೆ ಎಣಿಸುತ್ತೆ. ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬರೋ ಸಾಧ್ಯತೆ ಅಪ್ಪ-ಮಗಳ ಮರಿಗೆ ನಾಲ್ಕರಲ್ಲಿ ಒಂದು, ಮಾವ-ಅಕ್ಕನ ಮಗಳ ಮಗುವಿಗೆ ಎಂಟರಲ್ಲಿ ಒಂದು, ನಮ್ಮಂಥ ಜೋಡಿಯ ಮಗುವಿಗೆ ಹದಿನಾರರಲ್ಲಿ ಒಂದು.

ಇದನ್ನೇ ನನಗೆ ತಿಳಿದ ಹಾಗೆ ಅಮ್ಮನಿಗೆ ಹೇಳಿದೆ. ಹುಲಿ ಕಥೆಯನ್ನೂ ಸೇರಿಸಿ. ಅಮ್ಮನಿಗೆ ಸಿಟ್ಟು ಬಂತು.

"ನಾವೇನು ಮೃಗಾಲಯದಲ್ಲಿ ಇದೀವೇನೋ? ನಿಮ್ಮಜ್ಜಿ ನಿಮ್ಮಜ್ಜನ ಸ್ವಂತ ಅಕ್ಕನ ಮಗಳು. ಐದು ಮಕ್ಕಳು ಹುಟ್ಟಿದ್ವಿ. ನಮಗೆಲ್ಲ ಏನಾಗಿದೆ?"

ಆಮೇಲೆ ಅಮ್ಮ ಸುಮ್ಮನಾದ್ರು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಸಣ್ಣ ದನಿಯಲ್ಲಿ ಕೇಳಿದ್ರು, "ಚಿಕ್ಕ ಮಾವನ ಕಿವಿ... ಅದಕ್ಕೇ ಅಂತೀಯಾ?"

ಏನು ಹೇಳ್ಲಿ? ಗೊತ್ತಿಲ್ಲಮ್ಮ ಅಂದೆ. ಅದು ನಿಜ ಕೂಡ. ಹುಟ್ಟುಕಿವುಡಿಗೆ ಕಾರಣ ಹತ್ತಾರು. ಒಬ್ಬರ ವಿಷಯದಲ್ಲಿ ಇದೇ ಕಾರಣ ಅಂತ ಪರೀಕ್ಷೆ ಇಲ್ಲದೆ ಯಾರೂ ಹೇಳಕ್ಕಾಗಲ್ಲ. ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗೇ ಹುಟ್ತಾರೆ ಅನ್ನೋದನ್ನೂ ಹೇಳಿದೆ. ಅಪಾಯ ಸ್ವಲ್ಪ ಹೆಚ್ಚು, ಅಷ್ಟೆ. ಆದ್ರೆ ಅಜ್ಜ ಅಜ್ಜಿ ಒಂದು ಸಲ, ಅದರ ಮೇಲೆ ನಾವು ಇನ್ನೊಂದು ಸಲ... ಕೊಂಬೆ ಮತ್ತೆ ಕಾಂಡಕ್ಕೆ ಬಂದು ಸೇರೋ ಆ ಚಿತ್ರ ಕಣ್ಣಿಂದ ಹೋಗಲ್ಲ. ಮೆಳ್ಳೆಗಣ್ಣನ್ನ ಬೆರಳಲ್ಲಿ ತೋರಿಸಿದ ಮಾವನನ್ನ 'ತಪ್ಪಿನ ಫಲ' ಅಂತ ನೋಡೋಕೂ ಮನಸ್ಸು ಒಪ್ಪಲ್ಲ. ಅವರು ಇಲ್ಲದ ನನ್ನ ಬಾಲ್ಯವೇ ಇಲ್ಲ. ಕಪ್ಪು ಹುಲಿಯಾಗಲಿ ಬಿಳಿ ಹುಲಿಯಾಗಲಿ ತಪ್ಪು ಮಾಡಿಲ್ಲ. ಬಾಗಿಲು ಮುಚ್ಚಿದ್ದು ಬೇರೆಯವರು.

ಮಾರನೇ ಭಾನುವಾರ ಪರ್ತ್ ಮೃಗಾಲಯಕ್ಕೆ ಹೋದೆ. 1898ರಲ್ಲಿ ಅದು ತೆರೆದಾಗ ಮೊದಲ ಪ್ರಾಣಿಗಳಲ್ಲಿ ಒಂದು ಹುಲಿಯೂ ಇತ್ತಂತೆ. ನಾನು ಬಂದಾಗಿನಿಂದ ಅಲ್ಲಿ ನೋಡಿದ್ದು ಸುಮಾತ್ರಾ ಹುಲಿ. ಮೈ ಚಿಕ್ಕದು, ಪಟ್ಟೆ ಒತ್ತೊತ್ತು, ಬಣ್ಣ ದಟ್ಟ ಕೇಸರಿ. ಸುಮಾತ್ರಾ ಕಾಡಿನಲ್ಲಿ ಉಳಿದಿರೋದು ಆರುನೂರಕ್ಕೂ ಕಡಿಮೆ ಅಂತ ಅಂದಾಜು. ಅಡಿಲೇಡ್ ಮೃಗಾಲಯವೂ ಇದೇ ಹುಲಿಗಳನ್ನ ಸಾಕಿಕೊಂಡು ಬಂದಿದೆ. ಇವುಗಳಿಗೆಲ್ಲ ಒಂದು ವಂಶಾವಳಿ ಪುಸ್ತಕ ಇರುತ್ತೆ. ಯಾರ ಮಗಳು, ಯಾರ ಮೊಮ್ಮಗಳು, ಅಪ್ಪನ ಕಡೆ ಯಾರು, ಅಮ್ಮನ ಕಡೆ ಯಾರು, ಎಲ್ಲ ಬರೆದಿಟ್ಟು, ಆದಷ್ಟು ದೂರದ ಸಂಬಂಧ ಹುಡುಕಿ, ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹುಲಿಗಳನ್ನ ಕಳಿಸಿ ಜೋಡಿ ಮಾಡ್ತಾರೆ. ನಮ್ಮ ಶಾಸ್ತ್ರಿಗಳು ಜಾತಕ ನೋಡಿದ ಹಾಗೇ! ಆದ್ರೆ ಈ ಜಾತಕದಲ್ಲಿ ಅಮ್ಮನ ಕಡೆಯದ್ದೂ ಲೆಕ್ಕಕ್ಕೆ ಬರುತ್ತೆ. ಗಾಜಿನ ಮುಂದೆ ನಿಂತಿದ್ದ ಮಕ್ಕಳು ಯಾರೂ "ಬಿಳೀದು ಎಲ್ಲಿ?" ಅಂತ ಕೇಳಲಿಲ್ಲ. ಕೇಸರಿ ಹುಲಿ ಎದ್ದು ಮೈ ಮುರಿದಿದ್ದಕ್ಕೇ ಕುಣಿದಾಡಿಬಿಟ್ವು.

ಸಂಜೆ ಪುಟ್ಟಿಗೆ ವಿಡಿಯೋ ಕಾಲ್ ಮಾಡಿದೆ. "ಬಿಳಿ ಹುಲಿಯ ಅಮ್ಮ ಆರೆಂಜ್ ಕಣೆ. ಅಣ್ಣ ತಮ್ಮಂದಿರೂ ಆರೆಂಜ್. ಅವಳು ಬೇರೆ ಜಾತಿ ಅಲ್ಲ, ಎಲ್ಲ ಒಂದೇ ಮನೆಯವರು" ಅಂದೆ.

"ಮತ್ತೆ ಕಾರ್ಟೂನಲ್ಲಿ ಅಮ್ಮ ಎಲ್ಲಿ?"

"ಕಾರ್ಟೂನಲ್ಲಿ ಸ್ಯಾಂಡ್‌ಸ್ಟಾರ್ ತಗುಲಿದ್ರೆ ಸಾಕಲ್ಲ, ಅಮ್ಮ ಬೇಕಾಗಲ್ಲ."

"ನಿಜದ ಹುಲೀದು?"

ಹೇಳಿದೆ. ಎಲ್ಲ ಹೇಳಲಿಲ್ಲ, ಆದ್ರೆ ಸುಳ್ಳೂ ಹೇಳಲಿಲ್ಲ. ಹಿಂದಿನ ಕಾಲದ ರಾಜರು ಬೇಟೆಗೆ ಹೋಗ್ತಿದ್ರು, ಬಿಳಿ ಮರಿಯನ್ನ ಮಾತ್ರ ಉಳಿಸಿಕೊಂಡ್ರು ಅಂದೆ. ಪುಟ್ಟಿ ಏನೂ ಮಾತಾಡದೆ ಫೋನನ್ನ ಅವರಮ್ಮನ ಕೈಗೆ ಕೊಟ್ಟು ಹೋದ್ಲು. ನಾಲ್ಕು ದಿನದ ಮೇಲೆ ಅತ್ತಿಗೆ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ್ರು. ಬಿಳಿ ಕೂದಲಿನ ಹುಲಿ ಹುಡುಗಿ, ಪಕ್ಕದಲ್ಲಿ ಸೀರೆ ಉಟ್ಟ, ಕೇಸರಿ ಜಡೆಯ ದೊಡ್ಡ ಹುಲಿ ಅಮ್ಮ, ಸುತ್ತ ಮೂರು ಕೇಸರಿ ಮರಿಗಳು. ಅಮ್ಮ ಹುಲಿಯ ಹಣೆಗೆ ಕುಂಕುಮ ಬೇರೆ :-)

ಅಮ್ಮನ ಜೊತೆ ಆ ವಿಷಯ ಮತ್ತೆ ಮಾತಾಡಿಲ್ಲ. ಮೊನ್ನೆ ಫೋನ್ ಮಾಡಿದಾಗ ಅವರಾಗೇ, "ದೊಡ್ಡ ಮಾವನಿಗೆ ಏನು ಹೇಳಬೇಕು ಅಂತ ಯೋಚನೆ ಮಾಡ್ತಿದೀನಿ, ಆತುರ ಮಾಡಬೇಡ" ಅಂದ್ರು. ನಾನು ಹೇಳೋದಕ್ಕಿಂತ ಅವರೇ ಹೇಳಿದ್ರೆ ಮಾವ ಬೇಜಾರು ಮಾಡ್ಕೊಳ್ಳಲ್ಲ. ನಿಮ್ಮ ಮನೆಗಳಲ್ಲೂ ಇಂಥ ಮಾತು ಬಂದಿರಬಹುದು, ನೀವು ಹೇಗೆ ಹೇಳಿದ್ರಿ? ಗೊತ್ತಿದ್ರೆ ನನಗೂ ತಿಳಿಸಿ. ಹುಲಿಗಳ ಲೆಕ್ಕ ಸುಲಭ ಕಣ್ರೀ, ಮಾವಂದಿರದ್ದೇ ಕಷ್ಟ.